ಹತ್ತನೆಯ ರೇಕು

ಮಾಂಡಲೆ
28 ಮೇ 1957

ಪ್ರೀತಿಯ ಫೇಫೇ,

ಬಂದು ಸೇರಿದೆವು! ರಂಗೂನಿನಿಂದ ಇಲ್ಲಿಯವರೆಗೆ ರೈಲಿನಲ್ಲಿ ನಾನು ಒಂದು ಕ್ಷಣವೂ ನಿದ್ದೆ ಮಾಡಲಿಲ್ಲ, ಚಿಟ್ ಪೇ ಒಂದು ಕ್ಷಣವೂ ಎಚ್ಚರವಿರಲಿಲ್ಲ. ಮಲಗಿದ ಗಂಡನ ಮುಖ ನೋಡಿಕೊಂಡು ಅಷ್ಟು ದೂರ ಬರುವುದೆಂದರೆ ಎಂಥ ಸುಖ! ಅಪ್ಪನಿಗೆ ಇಂಥದ್ದನ್ನೆಲ್ಲ ಬರೆಯಬಾರದು ಎಂದು ಗೊತ್ತು. ಬರೆದಾಯಿತು, ಇನ್ನೇನು ಮಾಡಲಿ.

ಈ ಬೀದಿಯಲ್ಲಿ ಎಲ್ಲರೂ ಚಿನ್ನ ಬಡಿಯುವವರೇ. ಬೆಳಕು ಹರಿಯುವ ಮೊದಲೇ ಧಬ್, ಧಬ್, ಧಬ್. ಮೊದಲ ದಿನ ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಎದ್ದು ಓಡಿದೆ. ಬಾಗಿಲು ತೆರೆದರೆ ಹೊರಗೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಹಿಂದಿನಿಂದ ಅತ್ತೆ ಡಾ ಪ್ವಾ ಶಿನ್ ಹೇಳಿದರು: "ಬಾಗಿಲಲ್ಲಿ ಯಾರೂ ಇಲ್ಲ ಕಣಮ್ಮಾ. ಅದು ಹಿತ್ತಲಲ್ಲಿ ನಿನ್ನ ಗಂಡ."

ಹೌದು, ನನ್ನ ಗಂಡನೇ! ಸೊಂಟಕ್ಕೆ ಲುಂಗಿ ಬಿಗಿದು, ಜಿಂಕೆ ಚರ್ಮದ ಕಟ್ಟಿನೊಳಗಿಟ್ಟ ಚಿನ್ನವನ್ನು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಒಂದು ಉಗುರಿನಷ್ಟು ಚಿನ್ನ ಸಂಜೆಗೆ ಉಸಿರಿಗಿಂತ ತೆಳ್ಳಗಾಗುತ್ತದೆ. ಅದಕ್ಕೆ ರೇಕು ಎನ್ನುತ್ತಾರೆ. ಆ ರೇಕನ್ನು ಮನೆಯ ಹೆಂಗಸರು ಮುಚ್ಚಿದ ಕೋಣೆಯಲ್ಲಿ ಕೂತು, ಕೋಣದ ಕೊಂಬಿನ ಕಡ್ಡಿಯಿಂದ ಎತ್ತಿ, ಚೌಕಾಕಾರವಾಗಿ ಕತ್ತರಿಸಿ, ಬಿದಿರಿನ ಕಾಗದದ ಮೇಲೆ ಹರವುತ್ತಾರೆ. ಹತ್ತು ರೇಕಿಗೆ ಒಂದು ಕಟ್ಟು. ಅಲ್ಲಿ ಕಿಟಕಿಯಿಲ್ಲ, ಫ್ಯಾನಿಲ್ಲ. ಗಾಳಿ ಆಡಿದರೆ ಕೆಲಸ ಕೆಟ್ಟಿತು. ನಾನೂ ಕೂರುತ್ತೇನೆ ಎಂದೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಾನ್ವೆಂಟ್ ಸೊಸೆಗೆ ಬಾಯಿ ಮುಚ್ಚೋದನ್ನ ಕಲಿಸಿದ್ದಾರಾ?" ಎಂದರು. ಎಷ್ಟು ತಮಾಷೆಯ ಹೆಂಗಸು!

ಪ್ರಯಾಣ ಮುಗಿಯಿತು, ಬಾಳು ಶುರುವಾಯಿತು. ಸೋದರತ್ತೆ ಡಾ ನು ಅವರಿಗೆ ನನ್ನ ನಮಸ್ಕಾರ. ದಯವಿಟ್ಟು ಈ ಕಾಗದವನ್ನಾದರೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ.

ನಿಮ್ಮ ಮುದ್ದಿನ
ಝಿನ್ ಮೇ

❖

ಮೌಲ್ಮೇನ್
8 ಜೂನ್ 1957

ಚಿ. ಝಿನ್ ಮೇಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ವಾಪಸು ಕಳಿಸಿದ್ದೇನೆ. ಹದಿನಾಲ್ಕು ತಪ್ಪುಗಳಿವೆ. 'ಮುಗಿಯಿತು' ಎಂಬ ಪದದ ಕಾಗುಣಿತವೇ ನಿನಗೆ ಗೊತ್ತಿಲ್ಲ. ನಿನಗೆ ಬಳಕೆಯಿಲ್ಲದ ಪದವಾದ್ದರಿಂದ ಆಶ್ಚರ್ಯವೇನಿಲ್ಲ.

ನಾನು ಈ ಮದುವೆಗೆ ಒಪ್ಪಿದೆ, ಆದರೆ ಕುಣಿಯಲಿಲ್ಲ. ಅದಕ್ಕೆ ಕಾರಣ ನಿನ್ನ ಗಂಡನ ಸುತ್ತಿಗೆಯಲ್ಲ, ನೀನು. ನಮ್ಮೂರ ಪಗೋಡಕ್ಕೆ ಚಿನ್ನ ಹಚ್ಚಲು ಬಂದವನ ತೋಳು ನೋಡಿ ನೀನು ಮನಸೋತೆ. ಸರಿ. ಆದರೆ ನಿನ್ನ ಹಳೆಯ ಮೋಹಗಳ ಪಟ್ಟಿ ನನ್ನ ಬಳಿಯಿದೆ. ಪಿಯಾನೋ ಮೂರು ವಾರ. ಶಾರ್ಟ್‌ಹ್ಯಾಂಡ್ ಎರಡು ತಿಂಗಳು. ಟೀಚರ್ಸ್ ಟ್ರೈನಿಂಗ್ ಒಂದು ಟರ್ಮ್. ನನಗೆಂದು ಹೆಣೆಯಲು ಹೊರಟ ನೀಲಿ ಸ್ವೆಟರಿಗೆ ಮೈ ಇದೆ, ಬಲಗಡೆ ಒಂದು ತೋಳಿದೆ, ಎಡಗಡೆ ತೂತಿದೆ. ಅದನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ, ನಿನ್ನ ಸ್ವಭಾವದ ಸರ್ಟಿಫಿಕೇಟ್ ಎಂದು.

ಮೂವತ್ತೊಂದು ವರ್ಷ ಟೆಲಿಗ್ರಾಫ್ ಆಫೀಸಿನಲ್ಲಿ ಕೂತವನು ನಾನು. ಜಾಣತನ ಇರುವವರು ಬಹಳ ಮಂದಿ ಬಂದರು, ಹೋದರು. ಸಂಜೆಯವರೆಗೆ ಕುರ್ಚಿಯಲ್ಲಿ ಕೂತವರು ಮಾತ್ರ ಉಳಿದರು. ಆದ್ದರಿಂದ ಒಂದು ಪಂಥ. ನಿನ್ನ ಕೈಯಿಂದಲೇ ಕತ್ತರಿಸಿದ, ನಿನ್ನ ಅತ್ತೆ ತಪ್ಪು ಹುಡುಕಲಾಗದ ಹತ್ತು ರೇಕಿನ ಒಂದು ಕಟ್ಟು ಮಾಡು. ಒಂದೇ ಒಂದು. ಅಕ್ಟೋಬರಿನ ದೀಪದ ಹಬ್ಬ ಬರುವ ಥಡಿಂಜ್ಯೂಟ್ ಹುಣ್ಣಿಮೆಯೊಳಗೆ ಮಾಡಿದೆಯಾದರೆ ನಾನು ಮಾಂಡಲೆಗೆ ಬಂದು, ಹತ್ತೂ ರೇಕನ್ನು ನನ್ನ ಈ ಬಲಗೈಯಾರೆ ಮಹಾಮುನಿ ಬುದ್ಧನ ಮೈಗೆ ಹಚ್ಚುತ್ತೇನೆ. ಮಾಡಲಿಲ್ಲವಾದರೆ ಸ್ವೆಟರಿಗೆ ಚೌಕಟ್ಟು ಹಾಕಿಸಿ ನಿನ್ನ ಮನೆಯ ಗೋಡೆಗೆ ಕಳಿಸುತ್ತೇನೆ.

ಇತಿ
ಊ ಪೋ ತೈಕ್
ನಿವೃತ್ತ ಹೆಡ್ ಕ್ಲರ್ಕ್, ತಂತಿ ಇಲಾಖೆ

❖

ಮಾಂಡಲೆ
20 ಜೂನ್ 1957

ಪ್ರೀತಿಯ, ಕಲ್ಲೆದೆಯ ಫೇಫೇ,

ಪಂಥ ಒಪ್ಪಿದೆ! ನಿಮ್ಮ ಕಾಗದವನ್ನು ಊಟದ ಹೊತ್ತಿಗೆ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಸ್ವೆಟರಿನ ವಿಷಯ ಬಂದಾಗ ಚಿಟ್ ಪೇಗೆ ಸಾರು ನೆತ್ತಿಗೆ ಹತ್ತಿತು. "ನಿಮ್ಮಪ್ಪ ನನಗೆ ಈಗ ಹೇಳ್ತಿದ್ದಾರಲ್ಲೇ," ಎಂದರು. "ಮದುವೆಗೆ ಮುಂಚೆ ಹೇಳೋದಲ್ವಾ?"

ಕೋಣೆಗೆ ಇಳಿದು ಆರು ದಿನವಾಯಿತು. ನಾನು ಹಾಳು ಮಾಡಿದ ರೇಕು ಎಷ್ಟೆಂದು ಕೇಳಬೇಡಿ. ಮೊದಲನೆಯದನ್ನು ಕಡ್ಡಿಯಿಂದ ಎತ್ತಿದ ಕೂಡಲೇ ಅದರ ಚಂದ ನೋಡಿ "ಆಹಾ!" ಎಂದೆ. ಆ "ಆಹಾ"ಗೆ ಅದು ಹಾರಿ ನನ್ನ ರೆಪ್ಪೆಯ ಮೇಲೆ ಕೂತಿತು. ಅದಕ್ಕೆ ನಗು ಬಂತು. ನಗುವಿಗೆ ಪಕ್ಕದವಳ ಮೂರು ರೇಕು ಹಾರಿದವು. ಆಮೇಲೆ ಉಸಿರನ್ನೇ ಬಿಗಿಹಿಡಿದು ಕೂತೆ. ಎಷ್ಟು ಹೊತ್ತು ಹಿಡಿಯಬಹುದು? ಕೊನೆಗೆ ಬುಸ್ಸೆಂದು ಬಿಟ್ಟಾಗ ಇಡೀ ಮಣೆಯೇ ಖಾಲಿ.

ಸಂಜೆ ಅತ್ತೆ ಬಿಳಿ ಬಟ್ಟೆ ಹಾಸಿ, ನನ್ನನ್ನು ಕೂರಿಸಿ, ಜಡೆ ಬಿಚ್ಚಿ ಬಾಚಿದರು. ಬಟ್ಟೆಯ ಮೇಲೆ ಚಿನ್ನ ಉದುರಿತು, ಫೇಫೇ, ಹಬ್ಬದ ಹಾಗೆ! ಹಾರಿದ ಚೂರನ್ನೆಲ್ಲ ಹಾಗೆಯೇ ಕೂಡಿಸಿ ಮತ್ತೆ ಕರಗಿಸುತ್ತಾರೆ. ಅತ್ತೆ ಬಾಚುತ್ತಾ, "ನನ್ನ ಮಗ ಇಡೀ ದಿನ ಬಡಿದದ್ದು ನಿನ್ನ ಜಡೇಲಿದೆ ನೋಡು," ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ಹೊಗಳಿದರು ಎಂದೇ ಇಟ್ಟುಕೊಂಡಿದ್ದೇನೆ.

ಬೇರೆಯಾಗಿ ಪಾರ್ಸೆಲ್ ಕಳಿಸುತ್ತಿದ್ದೇನೆ. ತಳದಲ್ಲಿ ಸೂಜಿಯಷ್ಟು ತೂತಿರುವ ಒಂದು ತೆಂಗಿನ ಕರಟ. ಇದು ನಮ್ಮ ಬೀದಿಯ ಗಳಿಗೆ ಬಟ್ಟಲು. ಬೋಗುಣಿ ನೀರಿನ ಮೇಲೆ ತೇಲಿ ಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತದೆ. ಅದು ಇಪ್ಪತ್ತು ಸಲ ಮುಳುಗುವವರೆಗೆ ನಿಮ್ಮ ಅಳಿಯ ಸುತ್ತಿಗೆ ಕೆಳಗಿಡುವುದಿಲ್ಲ. ಕುರ್ಚಿಯಲ್ಲಿ ಕೂತವರ ಕಥೆ ಹೇಳಿದಿರಲ್ಲ, ನೋಡಿ ಸ್ವಲ್ಪ ನಾಚಿಕೊಳ್ಳಿ!

ಕುಣಿಯುತ್ತಿರುವ
ಝಿನ್ ಮೇ

❖

ಮಾಂಡಲೆ
30 ಜುಲೈ 1957

ಪ್ರೀತಿಯ ಫೇಫೇ,

ನಲವತ್ತು ದಿನವಾಯಿತು. ಕಾಗದವಿಲ್ಲ, ಕೆಂಪು ಶಾಯಿಯೂ ಇಲ್ಲ. ನಾಚಿಕೊಳ್ಳಿ ಎಂದದ್ದು ಹೆಚ್ಚಾಯಿತೇ? ಹಾಗಿದ್ದರೆ ತಪ್ಪಾಯಿತು, ಮುನಿಸು ಬಿಡಿ. ಬೇಕೆಂದೇ ಈ ಕಾಗದದಲ್ಲಿ ನಾಲ್ಕು ಕಾಗುಣಿತ ತಪ್ಪಿಸಿದ್ದೇನೆ. ನಿಮಗೆ ತಿದ್ದದೆ ಇರಲಾಗದು ಎಂದು ನನಗೆ ಗೊತ್ತು.

ಈಗ ನನಗೆ ದಿನಕ್ಕೆ ಎರಡು ರೇಕು ಸರಿಯಾಗಿ ಬರುತ್ತವೆ. ಮೂರನೆಯದರ ಮೂಲೆ ಹರಿಯುತ್ತದೆ. ಮೊನ್ನೆ ಕಡ್ಡಿ ಎಸೆದು ಹೊರಗೆ ಬಂದುಬಿಟ್ಟೆ. ಬಾವಿಕಟ್ಟೆಯ ಮೇಲೆ ಕೂತು, ಮೌಲ್ಮೇನಿಗೆ ಹೋಗುವ ರೈಲು ಎಷ್ಟು ಹೊತ್ತಿಗೆ ಎಂದು ಯೋಚಿಸಿದೆ. ನಿಮಗೆ ಸುಳ್ಳು ಹೇಳುವುದಿಲ್ಲ, ಯೋಚಿಸಿದೆ. ಅತ್ತೆ ಬಂದು ಪಕ್ಕದಲ್ಲಿ ಕೂತು ಒಂದು ಚುಟ್ಟಾ ಹಚ್ಚಿದರು.

"ಉಸಿರು ಹಿಡೀತೀಯಲ್ಲ, ಅದೇ ತಪ್ಪು. ಹಿಡಿದ ಉಸಿರು, ಹಿಡಿದ ನಗು ಎರಡೂ ಒಂದೇ. ಯಾವಾಗಲೋ ಹೊರಗೆ ಬಂದೇ ಬರ್ತದೆ."

"ಮತ್ತೇನು ಮಾಡ್ಲಿ, ಅಮೇ? ಸಾಯ್ಲಾ?"

"ಸಾಯ್ಬೇಡ, ಮನೇಲಿ ಕೆಲಸ ಇದೆ. ಉಸಿರು ಬಿಡು. ಆದ್ರೆ ಗದ್ದ ಇಳಿಸಿ ನಿನ್ನ ಎದೆ ಮೇಲೇ ಬಿಡು. ನಿನ್ನ ಗಾಳಿ ನಿನ್ನ ಹತ್ರಾನೇ ಇರ್ಲಿ."

"ಎಷ್ಟು ದಿನ ಬೇಕು ಕಲಿಯೋಕೆ?"

"ನನಗೆ ಒಂದು ವರ್ಷ ಆಯ್ತು. ನಾನು ನಿನ್ನಷ್ಟು ನಗ್ತಿರ್ಲಿಲ್ಲ."

ಫೇಫೇ, ನಾನು ವಾಪಸು ಒಳಗೆ ಹೋದೆ. ಅದನ್ನು ಹೇಳಲೆಂದೇ ಈ ಕಾಗದ. ಬರೆಯಿರಿ. ಬೈದಾದರೂ ಬರೆಯಿರಿ.

ಝಿನ್ ಮೇ

❖

ಮೌಲ್ಮೇನ್
25 ಆಗಸ್ಟ್ 1957

ಝಿನ್ ಮೇ,

ಕಾಗದ ಎರಡೂ ಬಂದವು. ಕರಟ ಬಂತು. ಉಪಯೋಗಕ್ಕೆ ಬರುತ್ತಿದೆ. ಮುನಿಸಿಲ್ಲ. ನೀನು ಒಳಗೆ ಹೋದದ್ದು ಒಳ್ಳೆಯದು.

ಫೇಫೇ

❖

ಮಾಂಡಲೆ
3 ಸೆಪ್ಟೆಂಬರ್ 1957

ಫೇಫೇ,

ಇದೇನು ಹೀಗೆ? ಎರಡು ತಿಂಗಳು ಕಾದದ್ದಕ್ಕೆ ಮೂರು ಸಾಲು! ಅದೂ ಎಂಥ ಅಕ್ಷರ! ನಮ್ಮ ಲಿಪಿಯೆಲ್ಲ ಸೊನ್ನೆಯ ಮೇಲೆ ನಿಂತಿದೆ, ಸೊನ್ನೆ ಬಾರದ ಕೈ ಬೇರೇನೂ ಬರೆಯಬಾರದು ಎಂದು ಐದು ವರ್ಷದ ನನ್ನನ್ನು ಮೂರು ತಿಂಗಳು ಸ್ಲೇಟಿನ ಮೇಲೆ ಬರೀ ಸೊನ್ನೆ ಸುತ್ತಿಸಿದವರು ನೀವು. ಊರಿನ ಮದುವೆ ಪತ್ರಿಕೆಗಳನ್ನೆಲ್ಲ ನಿಮ್ಮ ಕೈಯಲ್ಲೇ ಬರೆಸುತ್ತಿದ್ದರು. ಈ ಕಾಗದದ ಸೊನ್ನೆಗಳು ಇಲಿ ಕಡಿದ ಅಕ್ಕಿ ಹಪ್ಪಳದ ಹಾಗಿವೆ. ಪಕ್ಕದ ಮನೆಯ ಒಂದನೇ ಕ್ಲಾಸಿನ ಪುಟ್ಟಿಯನ್ನು ಕೂರಿಸಿ ಬರೆಸಿದಿರಿ, ಅಲ್ಲವೇ? ಮಗಳಿಗೆ ಇಷ್ಟು ಸಾಕು ಎಂದೇ?

ಚಿಟ್ ಪೇ ನಿಮ್ಮ ಪರ. "ತಂತಿ ಆಫೀಸಿನವರಲ್ವಾ, ಪದ ಕಡಿಮೆ ಮಾಡೋ ಅಭ್ಯಾಸ," ಎನ್ನುತ್ತಾರೆ. ನನಗೆ ನಗು ಬರಲಿಲ್ಲ.

ಕರಟ ಯಾವ ಉಪಯೋಗಕ್ಕೆ ಬರುತ್ತಿದೆ, ಉಪ್ಪು ಹಾಕಿಡುವುದಕ್ಕೋ? ಇರಲಿ. ಆ ಸ್ವೆಟರನ್ನು ಪಾರ್ಸೆಲ್ ಮಾಡಿ. ಸಂಜೆ ಹೊತ್ತು ಎಡ ತೋಳು ಹೆಣೆದು ನಿಮ್ಮ ಸರ್ಟಿಫಿಕೇಟನ್ನು ರದ್ದು ಮಾಡುತ್ತೇನೆ.

ಈಗ ಒಮ್ಮೆ ಕೂತರೆ ಏಳು ರೇಕು ಬರುತ್ತವೆ. ನಿನ್ನೆ ಬಾಚಿದಾಗ ಬಟ್ಟೆಯ ಮೇಲೆ ನಾಲ್ಕೇ ನಾಲ್ಕು ಚುಕ್ಕೆ. ಇದನ್ನು ಹೇಳುವುದಿಲ್ಲ ಎಂದುಕೊಂಡಿದ್ದೆ. ಬಾಯಿ ತಡೆಯಲಿಲ್ಲ.

ಝಿನ್ ಮೇ

❖

ಮೌಲ್ಮೇನ್
14 ಸೆಪ್ಟೆಂಬರ್ 1957

ಝಿನ್ ಮೇ,

ಪುಟ್ಟಿಯ ಮೇಲೆ ಅಪವಾದ ಬೇಡ. ಅವಳ ಸೊನ್ನೆ ಇದಕ್ಕಿಂತ ಚೆನ್ನಾಗಿದೆ.

ಸ್ವೆಟರ್ ಕಳಿಸಲಾಗದು. ಅದು ಉಪಯೋಗದಲ್ಲಿದೆ.

ನಿಮ್ಮ ಬಿದಿರಿನ ಕಾಗದದ ಖಾಲಿ ಚೌಕಗಳು ಒಂದಷ್ಟು ಬೇಕು. ಹರಿದವಾದರೂ ಆದೀತು. ಕಳಿಸು.

ಏಳು ಎಂದರೆ ಹತ್ತಲ್ಲ.

ಫೇಫೇ

❖

ಮಾಂಡಲೆ
24 ಸೆಪ್ಟೆಂಬರ್ 1957

ಫೇಫೇ! ಫೇಫೇ! ಫೇಫೇ!

ಹತ್ತು! ಇವತ್ತು, ಮಂಗಳವಾರ, ಮಧ್ಯಾಹ್ನ! ಒಂಬತ್ತನೆಯದು ಇಳಿದ ಮೇಲೆ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಹಿತ್ತಲಿನ ಸುತ್ತಿಗೆ ಯಾವುದು ನನ್ನ ಎದೆ ಯಾವುದು ತಿಳಿಯಲಿಲ್ಲ. ಗದ್ದ ಇಳಿಸಿದೆ. ಉಸಿರನ್ನು ನನ್ನ ರವಿಕೆಯೊಳಕ್ಕೆ ಬಿಟ್ಟೆ. ಹತ್ತನೆಯದು ಕಾಗದದ ಮೇಲೆ ಹೋಗಿ ಮಲಗಿತು, ನಾಲ್ಕೂ ಮೂಲೆ ನೇರ.

ಅತ್ತೆ ಕಟ್ಟನ್ನು ಬಾಗಿಲ ಬೆಳಕಿಗೆ ತಂದು ಒಂದೊಂದನ್ನೂ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ, "ನನಗೆ ಕಣ್ಣು ಮಂಜಾಗಿದೆ, ತಪ್ಪೇ ಕಾಣ್ತಿಲ್ಲ," ಎಂದರು. ಅವರ ಕಣ್ಣು ಗಿಡುಗನದು ಎಂದು ಈ ಬೀದಿಗೆಲ್ಲ ಗೊತ್ತು. ಸಂಜೆ ಜಡೆ ಬಾಚಿದರು. ಬಟ್ಟೆಯ ಮೇಲೆ ಏನೂ ಬೀಳಲಿಲ್ಲ. ಆದರೂ ತುದಿಯವರೆಗೆ ಬಾಚಿ, ಎಣ್ಣೆ ಹಚ್ಚಿ, ಹೂ ಮುಡಿಸಿದರು.

ಈಗ ನಿಮ್ಮ ಸರದಿ. ಥಡಿಂಜ್ಯೂಟ್ ಹುಣ್ಣಿಮೆಗೆ ಇನ್ನೂ ಎರಡು ವಾರವಿದೆ, ರೈಲು ಹತ್ತಿ! ಮಹಾಮುನಿಯ ಮೈ ಮುಟ್ಟುವ ಮೆಟ್ಟಿಲು ನಮಗೆ ಹೆಂಗಸರಿಗಿಲ್ಲ. ಕತ್ತರಿಸುವವರು ನಾವು, ಹಚ್ಚುವವರು ಗಂಡಸರು. ನಾನು ಕೆಳಗೆ ಕೂತು ಕೈಮುಗಿದುಕೊಂಡು ನಿಮ್ಮ ಬೆನ್ನು ನೋಡಬೇಕು. ಅಷ್ಟೇ ನನಗೆ ಬೇಕಾದದ್ದು.

ನೀವು ಕೇಳಿದ ಕಾಗದ ಕಳಿಸಿದ್ದೇನೆ. ಬಿದಿರನ್ನು ಮೂರು ವರ್ಷ ಸುಣ್ಣದ ನೀರಿನಲ್ಲಿ ನೆನೆಸಿ ಮಾಡುವ ಕಾಗದ ಅದು. ನಿಮ್ಮ ಚುಟ್ಟಾ ಸುತ್ತುವುದಕ್ಕಲ್ಲ, ನೆನಪಿರಲಿ!

ನಿಮ್ಮ ಗೆದ್ದ ಮಗಳು
ಝಿನ್ ಮೇ

❖

ಮೌಲ್ಮೇನ್
2 ಅಕ್ಟೋಬರ್ 1957

ಝಿನ್ ಮೇ,

ಗೆದ್ದೆ. ನಾನು ಸೋತೆ, ಸಂತೋಷದಿಂದ.

ಆದರೆ ಹುಣ್ಣಿಮೆಗೆ ಬರಲಾರೆ. ಕಾರಣ ಕೇಳಬೇಡ. ಜನವರಿಗೆ ಬರುತ್ತೇನೆ. ಆ ಕಟ್ಟನ್ನು ಹಾಗೇ ಇಡು. ಬೇರೆ ಯಾರ ಕೈಯಲ್ಲೂ ಹಚ್ಚಿಸಬೇಡ. ಅಳಿಯನ ಕೈಯಲ್ಲೂ ಬೇಡ.

ಕಾಗದ ಇನ್ನಷ್ಟು ಕಳಿಸು.

ಫೇಫೇ

❖

ಮಾಂಡಲೆ
14 ಅಕ್ಟೋಬರ್ 1957

ಫೇಫೇ,

ಹಬ್ಬ ಆಯಿತು. ಬೀದಿಯವರೆಲ್ಲ ಹಿರಿಯರ ಮನೆಗೆ ಹೋಗಿ ಕಾಲಿಗೆ ಬಿದ್ದು ಬಂದರು. ನಾನು ಅತ್ತೆಯ ಕಾಲಿಗೆ ಬಿದ್ದೆ. ಆಮೇಲೆ ದಕ್ಷಿಣಕ್ಕೆ ತಿರುಗಿ ಮೌಲ್ಮೇನಿನ ಕಡೆ ಒಂದು ಸಲ ಕೈಮುಗಿದೆ.

"ಅಳ್ಬೇಡ್ವೇ, ಕೊಡು ಇಲ್ಲಿ, ನಾನೇ ಹಚ್ಚಿ ಬರ್ತೀನಿ," ಎಂದು ಚಿಟ್ ಪೇ ಎರಡು ಸಲ ಕೇಳಿದರು. ಕೊಡಲಿಲ್ಲ. ಕಟ್ಟು ಅತ್ತೆಯ ಪೆಟ್ಟಿಗೆಯಲ್ಲಿದೆ, ಅವರ ಮದುವೆಯ ರೇಷ್ಮೆಯ ನಡುವೆ.

ನನ್ನ ಪಟ್ಟಿ ನಿಮ್ಮ ಬಳಿಯಿತ್ತು. ಪಿಯಾನೋ, ಶಾರ್ಟ್‌ಹ್ಯಾಂಡ್, ಎಲ್ಲ ನಿಜ. ನೀವು ಮಾತ್ರ ಆಡಿದ ಮಾತನ್ನು ಅರ್ಧಕ್ಕೆ ಬಿಟ್ಟವರಲ್ಲ ಎಂದುಕೊಂಡಿದ್ದೆ. ಈ ಸಲ ಒಂದು ತೋಳು ಬಿಟ್ಟಿರುವುದು ನೀವು.

ಕಾಗದ ಕಳಿಸಿದ್ದೇನೆ.

ಝಿನ್ ಮೇ

❖

ಮೌಲ್ಮೇನ್
22 ಡಿಸೆಂಬರ್ 1957

ಮಗಳೇ,

ಜನವರಿ ಹತ್ತರ ಬೆಳಗಿನ ಗಾಡಿಗೆ ಬಂದಿಳಿಯುತ್ತೇನೆ. ಡಾ ನು ಜೊತೆಗಿರುತ್ತಾಳೆ. ಇಳಿಯುವ ಮೊದಲು ನಿನಗೆ ಕೆಲವು ವಿಷಯ ತಿಳಿದಿರಬೇಕು. ಇಲ್ಲದಿದ್ದರೆ ಸ್ಟೇಷನ್ನಿನಲ್ಲಿ ಕಿರುಚಿ ಜನ ಸೇರಿಸುತ್ತೀ.

ಜೂನ್ 27ರ ಬೆಳಿಗ್ಗೆ ನಿನ್ನ ಕಾಗದಕ್ಕೆ ಕೆಂಪು ಶಾಯಿ ಹಾಕುತ್ತಿದ್ದೆ. 'ಆಹಾ' ಎಂಬಲ್ಲಿ ಪೆನ್ನು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಮೇಲೇಳಲಿಲ್ಲ. ಲಕ್ವ ಹೊಡೆದು ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು. ಬಾಯಿ ಮಾತ್ರ ನೆಟ್ಟಗಿತ್ತು. ಡಾ ನು ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಂದರೆ ಅದೇ. ಐದು ವಾರ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದಾಗ ಮೇಜಿನ ಮೇಲೆ ನಿನ್ನ ಕರಟ ಕೂತಿತ್ತು, ನಾಚಿಕೊಳ್ಳಿ ಎಂದು ಹೇಳುತ್ತಾ.

ಬೋಗುಣಿಯಲ್ಲಿ ಅದನ್ನು ತೇಲಿಬಿಟ್ಟು, ಮುಳುಗುವವರೆಗೆ ಎಡಗೈಯಲ್ಲಿ ಸೊನ್ನೆ ಸುತ್ತಿದೆ. ಮೊದಲ ದಿನ ಒಂದು ಕರಟಕ್ಕೆ ನಾಲ್ಕು ಸೊನ್ನೆ ಬಂದವು, ಒಂದರ ತುದಿಯೂ ಕೂಡಿಕೊಳ್ಳಲಿಲ್ಲ. ನೀನು ಬೈದೆಯಲ್ಲ, ಆ ಮೂರು ಸಾಲಿನ ಕಾಗದ, ಅದು ಒಂಬತ್ತು ದಿನದ ಕೆಲಸ. ಇಲಿ ಕಡಿದ ಹಪ್ಪಳ ಎಂದು ಬರೆದದ್ದನ್ನು ಓದಿ ಡಾ ನು ಅತ್ತಳು. ನಾನು ನಕ್ಕೆ. ಹೋಲಿಕೆ ಸರಿಯಾಗಿತ್ತು. ಈ ಕಾಗದಕ್ಕೆ ಹಿಡಿದದ್ದು ಆರು ದಿನ ಮಾತ್ರ.

ಬಲಗೈಯಾರೆ ಹಚ್ಚುತ್ತೇನೆ ಎಂದು ಬರೆದವನು ನಾನು. ಹೋದ ತಂತಿಯನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ಅದಕ್ಕೇ ಬಿದಿರಿನ ಕಾಗದ ಕೇಳಿದ್ದು. ನಡುಮನೆಯ ತೇಗದ ಕಂಬಕ್ಕೆ ಆ ಚೌಕಗಳನ್ನು ಬಲಗೈಯಿಂದ ಒತ್ತುತ್ತೇನೆ, ದಿನಕ್ಕೆ ಇಪ್ಪತ್ತು ಕರಟ. ಮೊದಲು ಕೈ ಸೊಂಟದ ಮೇಲೆ ಏಳಲಿಲ್ಲ. ದೀಪದ ಹಬ್ಬದ ಹೊತ್ತಿಗೆ ಎದೆಯವರೆಗೆ ಬಂತು. ಆದರೆ ಮಹಾಮುನಿಯ ಎದುರು ನಿಂತರೆ ಭುಜದವರೆಗಾದರೂ ಏಳಬೇಕು. ಕಳೆದ ವಾರ ಎದ್ದಿತು.

ಸ್ವೆಟರ್ ಉಪಯೋಗದಲ್ಲಿದೆ ಎಂದದ್ದು ಕುಚೋದ್ಯವಲ್ಲ. ಈ ಬಲಗೈ ಯಾವಾಗಲೂ ತಣ್ಣಗಿರುತ್ತದೆ, ಎಡಗೈ ಬೆಚ್ಚಗಿರುತ್ತದೆ. ಪ್ರಪಂಚದಲ್ಲಿ ನನ್ನ ಅಳತೆಗೆ ಸರಿಹೊಂದುವ ಉಡುಪು ಒಂದೇ ಇತ್ತು, ಅದನ್ನು ನೀನು ಮೂರು ವರ್ಷ ಮೊದಲೇ ಹೆಣೆದಿಟ್ಟಿದ್ದೆ.

ಏಕೆ ಹೇಳಲಿಲ್ಲ ಎಂದು ಕೇಳುತ್ತೀ. ಹೇಳಿದ್ದರೆ ಕೊಂಬಿನ ಕಡ್ಡಿಯನ್ನು ಅಲ್ಲೇ ಬಿಟ್ಟು ಮೊದಲ ರೈಲು ಹತ್ತುತ್ತಿದ್ದೆ. ಪಟ್ಟಿಗೆ ಇನ್ನೊಂದು ಸೇರುತ್ತಿತ್ತು, ಈ ಸಲ ನನ್ನ ದೆಸೆಯಿಂದ. ಡಾ ನು ಬರೆಯುತ್ತೇನೆಂದು ಹಟ ಹಿಡಿದಾಗಲೆಲ್ಲ ನಾನೇ ತಡೆದೆ. ಅವಳನ್ನು ಬೈಯಬೇಡ.

ಸ್ಟೇಷನ್ನಿಗೆ ಅಳಿಯನನ್ನೂ ಕರೆದು ತಾ. ಅವನ ತೋಳು ಬೇಕಾಗುತ್ತದೆ. ಈಗ ನೋಡು, ನಾನೂ ಅವನ ತೋಳಿಗೆ ಮನಸೋತೆ.

ಫೇಫೇ

❖

ಮಾಂಡಲೆ
12 ಫೆಬ್ರವರಿ 1958

ನನ್ನ ಪ್ರೀತಿಯ, ಸುಳ್ಳುಗಾರ, ಚಿನ್ನದಂಥ ಫೇಫೇ,

ನೀವು ಹೋಗಿ ಮೂರು ವಾರವಾದರೂ ಅತ್ತೆ ಇನ್ನೂ ನಿಮ್ಮ ಮಾತು ಆಡುತ್ತಾರೆ. ಅವರು, "ನಿಮ್ಮ ಮಗಳು ನನ್ನ ಮನೆ ಚಿನ್ನ ಎಲ್ಲಾ ಜಡೇಲಿ ಹೊತ್ತು ತಿರುಗಿದಳು ನೋಡಿ," ಎಂದಾಗ ನೀವು, "ಅದಕ್ಕೇ ನಾನು ವಧುದಕ್ಷಿಣೆ ಕೇಳ್ಲಿಲ್ಲ ಅಮ್ಮಾ, ತಾನೇ ತಗೋತಾಳೆ ಅಂತ ಗೊತ್ತಿತ್ತು," ಎಂದಿರಲ್ಲ! ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಾರೆ.

ಆ ಬೆಳಿಗ್ಗೆ ಮಹಾಮುನಿಯ ಗುಡಿಯಲ್ಲಿ ನನಗೆ ಕಂಡದ್ದನ್ನು ನಿಮಗೆ ಹೇಳಲಾಗಲಿಲ್ಲ. ಹೆಂಗಸರ ಜಾಗದಿಂದ ಕಾಣುತ್ತಿದ್ದದ್ದು ನಿಮ್ಮ ಬೆನ್ನು, ಒಂಟಿ ತೋಳಿನ ನೀಲಿ ಸ್ವೆಟರ್, ನಿಮ್ಮ ಸೊಂಟ ಹಿಡಿದು ನಿಂತ ಚಿಟ್ ಪೇ. ನಿಮ್ಮ ಹಿಂದೆ ಗಂಡಸರ ಸಾಲು ಬೆಳೆಯಿತು. ಯಾರೋ ಗೊಣಗಿದರು. ಇನ್ಯಾರೋ, "ಸುಮ್ನಿರಯ್ಯಾ, ತಾತ ಹಚ್ಚಲಿ," ಎಂದರು. ನಾನು ಮನಸ್ಸಿನಲ್ಲೇ ಕರಟ ತೇಲಿಬಿಟ್ಟೆ. ಒಂದು ಮುಳುಗಿತು, ಎರಡು ಮುಳುಗಿತು, ಐದು. ಅಷ್ಟು ಹೊತ್ತೂ ನಾನು ಗದ್ದ ಇಳಿಸಿ ಉಸಿರನ್ನು ಎದೆಯ ಮೇಲೇ ಬಿಡುತ್ತಿದ್ದೆ, ಅಷ್ಟು ದೂರದಿಂದಲೂ ನನ್ನ ಉಸಿರಿಗೆ ನಿಮ್ಮ ರೇಕು ಹಾರೀತೆಂದು. ಪಕ್ಕದಲ್ಲಿ ನೋಡಿದರೆ ಅತ್ತೆಯೂ ಹಾಗೇ ಕೂತಿದ್ದರು.

ಇಳಿದು ಬಂದು "ಆಯಿತು" ಎಂದಿರಿ. ಅಷ್ಟೇ. ಮೇಲೆ ಏನಾಯಿತು, ಹೇಗೆ ಹಚ್ಚಿದಿರಿ, ಒಂದು ಮಾತಿಲ್ಲ. ಚಿಟ್ ಪೇ ಕೂಡ, "ಅದು ನಿಮ್ಮಪ್ಪನ ಮಾತು, ಅವರೇ ಹೇಳ್ಲಿ," ಎನ್ನುತ್ತಾರೆ. ಗಂಡಸರೆಲ್ಲ ಒಂದೇ ಕಟ್ಟಿನ ರೇಕು!

ಈಗ ಪಾರ್ಸೆಲ್ ಬಿಚ್ಚಿ. ಎಡ ತೋಳು. ನೀವು ಮಧ್ಯಾಹ್ನ ಮಲಗಿದ್ದಾಗ ಚಿಟ್ ಪೇ ಚರ್ಮದ ಕಟ್ಟು ಬಿಗಿಯುವ ದಾರದಿಂದ ಅಳತೆ ಕದ್ದೆ. ಶಾನ್ ಬೆಟ್ಟದಿಂದ ಬರುವ ಉಣ್ಣೆ ವ್ಯಾಪಾರಿಯ ಬಳಿ ಅದೇ ನೀಲಿ ಸಿಗಲಿಲ್ಲ, ಇದು ತುಸು ಹಸಿರು ಬೆರೆತ ನೀಲಿ. ಎರಡು ಸಲ ಬಿಚ್ಚಿ ಹೆಣೆದೆ. ಬೆಚ್ಚಗಿರುವ ಕೈಗೆ ತೋಳು ಬೇಡ ಎನ್ನುತ್ತೀರಿ, ಗೊತ್ತು. ಬಲಗೈ ಬೆಚ್ಚಗಾಗುವ ದಿನ ಬೇಕಾಗುತ್ತದೆ, ಆಗ ಎರಡೂ ಕೈಗೆ ಒಟ್ಟಿಗೆ ಹಾಕಿಕೊಳ್ಳಿ. ಡಾ ನು ಅತ್ತೆ ಹೊಲಿದು ಸೇರಿಸಲಿ.

ಸ್ವೆಟರ್ ಮುಗಿಯಿತು, ಫೇಫೇ. ಮುಗಿಯಿತು!

ನಿಮ್ಮ
ಝಿನ್ ಮೇ

❖

ಮೌಲ್ಮೇನ್
1 ಮಾರ್ಚ್ 1958

ಮಗಳೇ,

ತೋಳು ಸರಿಹೊಂದಿತು. ಎರಡು ಬಣ್ಣದ ಸ್ವೆಟರ್ ಹಾಕಿಕೊಂಡು ಹಳೆಯ ತಂತಿ ಆಫೀಸಿನವರೆಗೆ ನಡೆದು ಹೋಗಿ ಬಂದೆ. ಸಹೋದ್ಯೋಗಿಗಳು ಕೇಳಿದರು. ಮಗಳು ಹೆಣೆದದ್ದು, ಪೂರ್ತಿ, ಎಂದೆ. ಆ 'ಪೂರ್ತಿ'ಯನ್ನು ಕೇಳದವರಿಗೂ ಹೇಳಿದೆ.

ಮೇಲೆ ಏನಾಯಿತೆಂದು ಕೇಳಿದ್ದೀ. ಒಂಬತ್ತು ರೇಕು ಸರಿಯಾಗಿ ಕೂತವು. ಎಡಗೈ ಮುಟ್ಟಿಸಲಿಲ್ಲ. ಹತ್ತನೆಯದನ್ನು ಎತ್ತಿದಾಗ, ಗೆದ್ದೆ ಎಂದು ನನಗೆ ಗೊತ್ತಾಗಿಹೋಯಿತು. ಬಾಯಿಂದ "ಆಹಾ" ಬಂದುಬಿಟ್ಟಿತು. ನಿನಗೆ ಆ ಗುಣ ಯಾರಿಂದ ಬಂತು ಎಂದು ಇಷ್ಟು ವರ್ಷ ಹುಡುಕುತ್ತಿದ್ದೆ.

ರೇಕು ಹಾರಿತು. ನಿನ್ನ ಗಂಡನೂ ನಾನೂ ಮಹಾಮುನಿಯ ಮಡಿಲಲ್ಲಿ ಹುಡುಕಿದೆವು, ನೆಲದಲ್ಲಿ ಹುಡುಕಿದೆವು. ನಿನ್ನ ಕಡೆ ತಿರುಗಿ ಒಂಬತ್ತು ಎಂದು ಹೇಳಲು ನಾಲಿಗೆ ಬರಲಿಲ್ಲ. ಆಯಿತು ಎಂದೆ. ಅಳಿಯನ ಬಾಯಿಗೂ ಬೀಗ ಹಾಕಿಸಿದೆ.

ಮೌಲ್ಮೇನಿಗೆ ಬಂದು ಸ್ವೆಟರ್ ಮಡಿಸಿಡುವಾಗ ಕಂಡಿತು. ಬಲ ತೋಳಿನ ಮೇಲೆ, ಮೊಣಕೈಗಿಂತ ತುಸು ಕೆಳಗೆ, ಉಣ್ಣೆಯ ಎಳೆಗಳಲ್ಲಿ ಸಿಕ್ಕಿಕೊಂಡು ಕೂತಿದೆ. ನೀನು ಮಾಂಡಲೆಯಲ್ಲಿ ಆ ತೋಳನ್ನೇ ತಬ್ಬಿಕೊಂಡು ಮೂರು ದಿನ ತಿರುಗಿದೆ, ನೋಡಲಿಲ್ಲ. ಡಾ ನು ಒಗೆಯುತ್ತೇನೆ ಎಂದಳು. ಬಿಟ್ಟಿಲ್ಲ. ನಿನ್ನ ಅತ್ತೆ ಬಾಚಣಿಗೆ ತೆಗೆದುಕೊಂಡು ಬಂದರೂ ಬಿಡುವುದಿಲ್ಲ. ಮುಂದಿನ ಸಲ ಬಂದಾಗ ಬೇರೊಂದು ಹಚ್ಚಿ ಬಾಕಿ ತೀರಿಸುತ್ತೇನೆ. ಹತ್ತನೆಯದನ್ನು ಕತ್ತರಿಸಿಡು.

ನಿನ್ನ ಕಾಗದವನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ಕೊನೆಯಲ್ಲಿ 'ಮುಗಿಯಿತು' ಎಂಬ ಪದ ಎರಡು ಸಲ ಬಂದಿದೆ, ಎರಡೂ ಕಡೆ ಕಾಗುಣಿತ ಸರಿಯಾಗಿದೆ. ಆದ್ದರಿಂದ ಅದನ್ನು ತಿದ್ದಲಿಲ್ಲ, ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಹಾಕಿದ್ದೇನೆ. ಬಲಗೈಯಲ್ಲಿ. ಸ್ವಲ್ಪ ನಡುಗಿದೆ, ಆದರೆ ತುದಿಯನ್ನು ನೋಡು, ಕೂಡಿಕೊಂಡಿದೆ.

ಫೇಫೇ